ಹಡಪಸರದ ಎಮ್ಮೆಗಳ ಓಣಿಗೆ

ನನ್ನ ಅಕ್ಕ ಪುಣೆಯಲ್ಲಿ ಸರಕಾರಿ ದನದ ಡಾಕ್ಟರು. ಅದೇ ಊರಿನ ಹಡಪಸರದಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ನಾನು ಅವಳಿಂದ ಲಸಿಕೆ ಹಾಕಿಸಲಿಲ್ಲ. ಸೂಜಿ ಚುಚ್ಚಿದರೆ ಹಾಲು ಕಡಿಮೆಯಾಗುತ್ತದೆಂಬ ಭಯ. ಅವಳು ಬರುವ ಹೊತ್ತಿಗೆ ಎಮ್ಮೆಗಳನ್ನು ಕಾಲುವೆಯ ಕಡೆ ಹೊಡೆದುಬಿಟ್ಟೆ. ಓಣಿಯವರು ಕೇಳಿದಾಗ ಮಾತ್ರ ಹಾಕಿಸಿದ್ದೇನೆ ಎಂದೆ. ಆ ಮಳೆಗಾಲದಲ್ಲಿ ಕಾಲುಬಾಯಿ ರೋಗ ಬಂತು. ನನ್ನ ಎಮ್ಮೆಗಳೂ ಮಲಗಿದ್ದನ್ನು ಕಂಡ ಜನ, ಡಾಕ್ಟರಬಾಯಿಯ ಔಷಧವೇ ಖೊಟ್ಟಿ ಎಂದರು. ನಾನು ಬಾಯಿ ಬಿಡಲಿಲ್ಲ. ಅಕ್ಕನಿಗೆ ನಿಜ ಗೊತ್ತಿತ್ತು, ಅವಳೂ ಬಾಯಿ ಬಿಡಲಿಲ್ಲ. ನಾನು ಬೆಳಗಾವಿಗೆ ಓಡಿಬಂದು ಅಲ್ಲಿ ಹಾಲಿನ ವ್ಯಾಪಾರ ಹಿಡಿದೆ.

ವರ್ಷಗಳ ಮೇಲೆ, ಅವಳ ನಿವೃತ್ತಿಯ ಸುದ್ದಿ ಕೇಳಿ ಮುಂಜಾನೆಯ ರೈಲು ಹತ್ತಿದೆ. ಮಿರಜದಲ್ಲಿ ಚಹಾ ಕುಡಿದೆ, ಸಾತಾರದಲ್ಲಿ ಅವಳಿಗೆ ಇಷ್ಟದ ಪೇಢೆ ಕೊಂಡೆ. ಪುಣೆಯಲ್ಲಿ ಇಳಿದಾಗ ತುಂತುರು ಮಳೆ. ಹಡಪಸರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಮಾತ್ರ "ಪುಢೇ ಚಲಾ, ಪುಢೇ ಚಲಾ" ಎಂದು ಎಲ್ಲರನ್ನೂ ಮುಂದಕ್ಕೆ ತಳ್ಳುತ್ತಲೇ ಇದ್ದ. ಹೂಕೋಸಿನ ಹೊಲಗಳಿದ್ದ ಕಡೆ ಗಾಜಿನ ಕಚೇರಿಗಳು ಎದ್ದಿದ್ದವು.

ಬಾಗಿಲು ತೆರೆದ ಅಕ್ಕ ನನ್ನ ಹೊಟ್ಟೆ ನೋಡಿದಳು. "ಹಾಲು ಮಾರ್ತಿಯೋ, ಎಲ್ಲಾ ನೀನ ಕುಡೀತಿಯೋ?"

ರೊಟ್ಟಿ, ಝುಣಕ ಬಡಿಸುತ್ತ ಹೇಳಿದಳು: "ನಾಳೆ ನಂದು ಲಸಿಕಿ ಹಾಕೂ ಕಡೀ ಸುತ್ತು. ನಿಮ್ಮ ಹಳೇ ಓಣಿ ಒಂದು ಉಳದದ. ಬರ್ತಿಯೇನು?"

ಬೆಳಿಗ್ಗೆ ಅವಳ ಸ್ಕೂಟರಿನ ಹಿಂದೆ ಕುಳಿತೆ. ಲಸಿಕೆಯ ಐಸ್ ಡಬ್ಬಿ ನನ್ನ ತೊಡೆಯ ಮೇಲಿತ್ತು. ಹಿಂದೆ ಲೂನಾದಲ್ಲಿ ಇದೇ ತರಹದ ಡಬ್ಬಿ ಹೊತ್ತು ತಿರುಗಿ, ಮಧ್ಯಾಹ್ನ ನನ್ನ ಕೊಟ್ಟಿಗೆಗೆ ಬರುತ್ತಿದ್ದಳು. ಬಕೆಟ್ ಬೋರಲು ಹಾಕಿ ಕುಳಿತು, ಆಗಷ್ಟೇ ಕರೆದ ಹಾಲಿನ ಚಹಾ ಕುಡಿಯುತ್ತಿದ್ದಳು. ಗಂಜಲದ ವಾಸನೆಯಲ್ಲಿ ಅಷ್ಟು ನೆಮ್ಮದಿಯಾಗಿ ಚಹಾ ಕುಡಿದವರನ್ನು ನಾನು ಬೇರೆ ಕಂಡಿಲ್ಲ.

ಎರಡು ಅಪಾರ್ಟ್‌ಮೆಂಟುಗಳ ನಡುವೆ ಓಣಿ ಇನ್ನೂ ಇತ್ತು. ಅಥಣಿ ಕಡೆಯ ಶಾಂತವ್ವ ಎಮ್ಮೆಗೆ ಹಿಂಡಿ ಇಡುತ್ತಿದ್ದಳು. ನನ್ನ ಗುರುತು ಹಿಡಿಯಲಿಲ್ಲ.

"ನಿಮ್ಮ ಸೂಜಿ ಬ್ಯಾಡ್ರಿ ಡಾಕ್ಟರಬಾಯಾರ," ಎಂದಳು. "ಆಗ ನಿಮ್ಮ ತಮ್ಮ ಹಾಕಿಸಿದ್ನಲ್ರಿ, ಏನಾತು? ಅವನ ಎಮ್ಮಿನೂ ಬಾಯಿ ಹುಣ್ಣಾಗಿ ಬಿದ್ದುವು. ಮಂದಿ ಮಾತಿರಲಿ, ಮನಿ ಮಂದೀಗೇ ತಾಗಲಾರದ ಔಷಧ!"

ಅಕ್ಕ ನನ್ನ ಕಡೆ ನೋಡಲೇ ಇಲ್ಲ. "ಆಗ್ಲಿ ಶಾಂತವ್ವ, ಮುಂದಿನ ಸಲ ನೋಡೂಣು," ಎಂದು ಡಬ್ಬಿಯ ಮುಚ್ಚಳ ಒತ್ತಿದಳು. ಅವಳಿಗೆ ಮುಂದಿನ ಸಲ ಇರಲಿಲ್ಲ.

"ಶಾಂತವ್ವಾ," ಎಂದೆ. "ಆ ತಮ್ಮ ನಾನು. ಹಾಕಿಸೇನಿ ಅಂತ ಸುಳ್ಳು ಹೇಳಿದ್ದೆ. ಅಕ್ಕ ಬರೂದ್ರಾಗ ಎಮ್ಮಿ ಹೊಡಕೊಂಡು ಕಾಲುವಿಗೆ ಹೋಗಿದ್ದೆ."

ಅವಳ ಕೈಯ ಹಿಂಡಿ ಬುಟ್ಟಿ ಕೆಳಗಿಳಿಯಿತು. "ಅಯ್ಯ ನಿನ್ನ ಬಾಯಿಗೆ ಮಣ್ಣು ಹಾಕ! ನಿನ್ನ ಮಾತು ನಂಬಿ ಸೂಜೀನ ಬ್ಯಾಡಂದೆ, ಮರುವರ್ಷ ಅದ ಬ್ಯಾನಿಗೆ ನನ್ನ ಎರಡು ಕರ ಹ್ವಾದುವಲ್ಲೋ!"

ಅವಳು ಬುಟ್ಟಿ ಬದಿಗೆ ಸರಿಸಿ, ಎಮ್ಮೆಯ ಕೊಂಬು ಹಿಡಿದು ನಿಂತಳು. "ಹಾಕ್ರಿ ಬಾಯಾರ," ಎಂದಳು.

ಅಕ್ಕ ಸಿರಿಂಜಿಗೆ ಲಸಿಕೆ ತುಂಬುತ್ತಿದ್ದಳು. ಓಣಿಯವರೆಲ್ಲ ಕೇಳುವಂತೆ ಹೇಳಿದೆ:

"ಅಕ್ಕಾ, ನಿನ್ನ ಹೆಸರು ನಾನ ಕೆಡಿಸಿದೆ. ತಪ್ಪಾತು."