‘ನೀರು ಯಾರು ತರ್ತೀರಿ?’ ಎಂದು ಕೇಳುವ ಧೂಳಮ್ಮ

ಕೊಹಿನೂರು ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಧೂಳಮ್ಮ, ಬಸವಕಲ್ಯಾಣದ ಗೆಳತಿ ಗಿರಿಜಾಬಾಯಿಯ ಪಡಸಾಲೆಯಲ್ಲಿ ಚಾಪೆ ಹಾಸಿ, ಪರದೆ ಎಳೆದು ಕೂತಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅವರ ಕೆಲಸ ನೋಡಲು ಬಂದ ನಾವು ಗೋಡೆ ಬದಿಗೆ ಕೂತಿದ್ದೇವೆ. ಮುಂದೆ ಬೋರಲು ಮಲಗಿರುವಾಕೆ ಮಂಠಾಳದ ಜಗದೇವಿ. ಅವಳ ಹೆಗಲೆಲುಬಿನ ಅಂಚಿಗೆ ಧೂಳಮ್ಮ ಬೆರಳು ಊರಿದ್ದಾರೆ. ತಿಕ್ಕುವುದಿಲ್ಲ, ಗುದ್ದುವುದಿಲ್ಲ, ಊರಿ ಸುಮ್ಮನೆ ಕಾಯುತ್ತಾರೆ. ಪರದೆಯಾಚೆ ಕೂತ ಗಂಡ ದಿಲೀಪನಿಗೆ ಈ ಕಾಯುವುದೇ ಆಗಿಬರುತ್ತಿಲ್ಲ.

“ಯವ್ವಾ, ಜರಾ ಜೋರ್‌ಲೆ ಎಳದ್ ಬಿಡ್ರಿ. ತೊಗರಿ ರಾಶಿ ನಡದದ, ಜಲ್ದಿ ಹೋಗಬೇಕು.”

“ಎಳಸ್ಕೊಂಡೇ ಬಂದೀರಲ್ಲೊ ಹುಮನಾಬಾದಕ್ಕ ಹೋಗಿ! ಇನ್ನ ಎಷ್ಟ ಎಳೀಬೇಕು? ಅಕಿ ಹೆಣಮಗಳೋ, ಬಾವಿ ಹಗ್ಗೋ?” ಧೂಳಮ್ಮನ ದನಿ ಓಣಿಯ ತುದಿಗೂ ಕೇಳುತ್ತದೆ.

ಸಿಟ್ಟು ಬರದೆ ಇನ್ನೇನು? ಜಗದೇವಿಯ ಬಲಗೈ ಹೆಗಲು ದಾಟಿ ಮೇಲೇಳದೆ ತಿಂಗಳುಗಳೇ ಆದವು. ಹುಮನಾಬಾದಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಅವಳ ಬೆನ್ನಿಗೆ ಕಾಲು ಕೊಟ್ಟು, ಕೈ ಹಿಡಿದು ಜಗ್ಗಿದ. ಅಂದಿನಿಂದ ಏಳುತ್ತಿದ್ದಷ್ಟು ಕೈಯೂ ಏಳದಾಯಿತು. ಚಿಟ್ಟನೆ ಚೀರಿದವಳಿಗೆ “ನರ ಬಿಟ್ಟಿತು, ಚಲೋ ಆಯ್ತು” ಎಂಬ ಸಮಾಧಾನ ಬೇರೆ! ಎಕ್ಸ್‌ರೇ ತೆಗೆಸಿ, ಎಲುಬು ಮುರಿದಿಲ್ಲವೆಂದು ದವಾಖಾನೆಯವರು ಹೇಳಿದ ಮೇಲೆಯೇ ಧೂಳಮ್ಮ ಅವಳನ್ನು ಮುಟ್ಟಿದ್ದು. ಈ ಕೈ ಇನ್ನು ಹೀಗೇ ಉಳಿದುಬಿಡುತ್ತದೇನೋ ಎಂಬುದೇ ಜಗದೇವಿಯ ಹೆದರಿಕೆ.

ಧೂಳಮ್ಮನದು ಕುರಿ ಸಾಕುವ ಮನೆತನ. ಗಂಡ ಭೀಮಶಾ ಈಗಲೂ ಕುರಿ ಹಿಂದೆಯೇ ತಿರುಗುತ್ತಾರೆ. ಮಾಲೀಶು ಕಲಿಸಿದ್ದು ತಾಯಿ. ಮೈಯೊಳಗಿನ ಸಂಗತಿಯನ್ನು ಅವರು ಕುರಿಯ ಲೆಕ್ಕದಲ್ಲೇ ಹೇಳುತ್ತಾರೆ. “ಕುರಿ ತೊಗಲ ಬಿಡಸ್ವಾಗ ಖಂಡದ ಮ್ಯಾಲ ಬೆಳ್ಳನ್ನ ಪೊರಿ ಕಾಣ್ತದಲ್ರಿ, ಹಂತಾದೇ ನಮ್ಮ ಮೈಯಾಗೂ ಅದ. ನೆತ್ತಿಯಿಂದ ಅಂಗಾಲತನ ಕೂಡೇ ಅದ. ದಿನಾ ಒಂದೇ ಕಡಿ ಭಾರ ಬಿದ್ರ ಅಲ್ಲಿ ಬಿಗೀತದ. ಸಿಟ್ಟಿಲೆ ಜಗ್ಗಿದ್ರ ಇನ್ನೂ ಹಿಡೀತದ. ಕೈ ಇಟ್ಟು ಕಾದ್ರ ಮೆಲ್ಲಕ ಸಡ್ಲ ಆಗ್ತದ.”

ಓದಿದವರು ಈ ಪೊರೆಯನ್ನು ಫೇಸಿಯಾ ಎನ್ನುತ್ತಾರೆ. ಅದನ್ನು ಹದವಾಗಿ ಒತ್ತಿ ಸಡಿಲಿಸಿದರೆ ನೋವು ಇಳಿಯಬಹುದು, ಕೀಲು ಸಲೀಸಾಗಿ ಆಡಬಹುದು, ಎಷ್ಟೋ ದಿನದಿಂದ ಬಾರದ ನಿದ್ದೆ ಬರಬಹುದು. ಎಲ್ಲ ಬೇನೆಗೂ ಇದೇ ಮದ್ದು ಎಂದು ಧೂಳಮ್ಮ ಎಂದೂ ಹೇಳಿದವರಲ್ಲ. ಬಾವು, ಜ್ವರ, ಜೋಮು ಕಂಡರೆ ಸೀದಾ ದವಾಖಾನೆಯ ದಾರಿ ತೋರಿಸುತ್ತಾರೆ.

ದಿನಕ್ಕೆ ಏಳೆಂಟು ಹೆಂಗಸರು ಬರುತ್ತಾರೆ. ಒತ್ತಿ ಒತ್ತಿ ಧೂಳಮ್ಮನ ಹೆಬ್ಬೆರಳುಗಳೇ ಊದಿಕೊಂಡಿವೆ. ಅದಕ್ಕಿಂತ ಹೆಚ್ಚು ಉರಿಸುವುದು ಬೇರೆಯೇ ಇದೆ. “ಇಲ್ಲಿಂದ ಎದ್ದು ಹೋದಾಕಿ ಹೋಗಿ ಮತ್ತ ಕೊಡ ಹೊರ್ತಾಳ, ರೊಟ್ಟಿ ಬಡೀತಾಳ. ನಾ ಬಿಚ್ಚೋದು, ಅವರು ಬಿಗಿಯೋದು. ನಾ ಯಾಕ ಸುಮ್‌ಸುಮ್ನ ಕೈ ಸವಸ್ಲಿ?”

ಅದಕ್ಕೇ ಅವರು ಒಂದು ಕಟ್ಟಳೆ ಮಾಡಿದ್ದಾರೆ. ನೋವು ಎಲ್ಲಿ ಎಂದು ಕೇಳುವ ಮೊದಲು, ಜೊತೆಗೆ ಬಂದ ಗಂಡಸನ್ನು ಕೇಳುತ್ತಾರೆ: “ಇನ್ನ ಎಂಟ ದಿನ ಮನಿಗಿ ನೀರ ಯಾರ ತರ್ತೀರಿ?” ಮಗಳನ್ನು ಮುಂದೆ ಮಾಡಿದರೆ ನಡೆಯುವುದಿಲ್ಲ, ಗಂಡನೇ ಒಪ್ಪಬೇಕು. ಒಲ್ಲೆ ಎಂದವರನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದಾರೆ, ‘ಮನಿ ಒಡಿಯೋ ಹೆಂಗಸು’ ಎಂದು ಬೈಸಿಕೊಂಡಿದ್ದಾರೆ. ಬೈದವರಿಗೇನು, ಹೊರುವ ಹೆಗಲು ಅವರದಲ್ಲವಲ್ಲ!

“ಗಂಡಸು ಕೊಡ ಹೊತ್ರ ಮಂದಿ ನಗ್ತಾರ್ರಿ ಯವ್ವಾ” ಎಂದು ದಿಲೀಪನೂ ಮೊದಲು ಬಾಗಿಲಲ್ಲೇ ಗೊಣಗಿದ್ದ.

“ನಗಲಿ ಬಿಡು. ಅಕಿ ಕೈ ಪೂರಾ ಹೋದ್ರ ಜನ್ಮೆಲ್ಲಾ ನೀನೇ ಹೊರಬೇಕಾಗ್ತದ. ಆಗ ಎಷ್ಟ ಮಂದಿ ನಗ್ತಾರ ನೋಡೂಣು.”

ದಿಲೀಪ ಮುಖ ಗಂಟು ಹಾಕಿಕೊಂಡೇ ಒಪ್ಪಿದ್ದ.

ಐದನೆಯ ದಿನ ಗಂಡಹೆಂಡತಿ ಮತ್ತೆ ಬಂದಿದ್ದಾರೆ. ಜಗದೇವಿ ಬಲಗೈ ಎತ್ತಿ ತಾನೇ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಕೈ ಪೂರ್ತಿ ಏಳದಿದ್ದರೂ ಕಿವಿ ದಾಟಿದೆ. ಧೂಳಮ್ಮನ ಮುಖ ಅರಳುತ್ತದೆ. ಅಷ್ಟರಲ್ಲಿ ಪರದೆಯಾಚೆಯಿಂದ ದಿಲೀಪನ ದನಿ.

“ಯವ್ವಾ, ನೀರ ಹೊತ್ತು ಹೊತ್ತು ನಂದೂ ಹೆಗಲ ಹಿಡದದ್ರಿ. ನಾನೂ ಎಂಟ ದಿನ ಹೊರಬಾರ್ದು ಅಂತ ಅಕಿಗಿ ಜರಾ ಹೇಳ್ರಿ.”

ಧೂಳಮ್ಮನಿಗೆ ನಗುವೂ ಸಿಟ್ಟೂ ಒಟ್ಟಿಗೇ ಬರುತ್ತವೆ. ಉಗಿಯಲೆಂದು ಬಾಯಿ ತೆರೆದವರು ತಟ್ಟನೆ ನಿಲ್ಲುತ್ತಾರೆ. ಇಷ್ಟು ದಿನ ಒಂದು ಮಾತೂ ಆಡದ ಜಗದೇವಿ ಕೂತಲ್ಲಿಂದಲೇ ಕೇಳುತ್ತಾಳೆ: “ಲಗ್ನಾದಾಗಿಂದ ಹೊತ್ತೀನಲ್ರಿ, ನನಗ ಹೊರಬ್ಯಾಡ ಅಂತ ಯಾರ ಹೇಳೀರಿ?”

ಧೂಳಮ್ಮ ನಮ್ಮ ಕಡೆ ತಿರುಗಿ, “ಕೈ ಏಳವಲ್ದು ಅಂತ ಬಂದಾಕಿ, ಬಾಯೀನೂ ತೆರದಳು ನೋಡ್ರಿ. ನಂಗ ಇಷ್ಟ ಸಾಕು” ಎನ್ನುತ್ತಾರೆ.