ಕೈಬಿಟ್ಟ ಮೂಲೆ ಅಂಗಡಿ

ಗೀಸರ್ ರಿಪೇರಿಯಲ್ಲಿ ನನಗಿರುವ ಅನುಭವಕ್ಕೆ ನಾನು ಕೊಟ್ಟ ಬೆಲೆ ಒಂದು ಮೂಲೆ ಅಂಗಡಿ. ಜೀವನ್ ಬಿಮಾ ನಗರದ ಮುಖ್ಯರಸ್ತೆಯಲ್ಲಿ, ಎರಡು ಕಡೆ ಬಾಗಿಲು, ಎದುರಿಗೇ ಬಸ್‌ಸ್ಟಾಪು. ಕೊತ್ತಂಬರಿ ಕೊಂಡರೆ ಕರಿಬೇವು ಪುಕ್ಕಟೆ ಈಸಿಕೊಳ್ಳದೆ ಮನೆಗೆ ಬಾರದ ನಾನು ಅಂಥ ಅಂಗಡಿಯನ್ನು ಕೈಯಾರೆ ಬಿಟ್ಟುಕೊಟ್ಟೆ. ಕಾರಣ ಇಷ್ಟೇ, ಗೌಸ್ ಭಾಯ್ "ಇನ್ನೂ ಸ್ವಲ್ಪ ತಡೀರಿ" ಅಂದರು. ಈಗಲೂ ಆ ದಾರಿಯಲ್ಲಿ ನನ್ನ ಸ್ಕೂಟರು ತಾನಾಗಿ ನಿಧಾನವಾಗುತ್ತದೆ.

ತೊಂಬತ್ತರ ದಶಕದಲ್ಲಿ ಶಿವಾಜಿನಗರದ ಒಂದು ಗಲ್ಲಿಯಲ್ಲಿ ಗೌಸ್ ಭಾಯ್ ಗೀಸರ್ ರಿಪೇರಿ ಮಾಡುತ್ತಿದ್ದರು. ನಾನು ಮಿಕ್ಸಿ ಮಾರುವ ಕೆಲಸ ಬಿಟ್ಟು, ಮೂವತ್ತು ದಾಟಿದ ಮೇಲೆ ಅವರ ಹತ್ತಿರ ಸೇರಿದೆ. ಕೈ ಬೇಗ ಕುದುರಿತು. ಕಾಯಿಲ್ ಬದಲಿಸುವುದು, ಗೀಸರ್ ತೊಟ್ಟಿಯೊಳಗೆ ಬೋರ್‌ವೆಲ್ ನೀರು ಕಟ್ಟಿಸಿದ ಸುಣ್ಣ ಕೆರೆಯುವುದು, ಎಲ್ಲ ಬಂತು. ಮನಸ್ಸಿನಲ್ಲೇ ನನ್ನದೇ ಅಂಗಡಿಯ ಬೋರ್ಡನ್ನೂ ಬರೆಸಿಬಿಟ್ಟೆ: ಹಳದಿ ಮೇಲೆ ಕೆಂಪಕ್ಷರ. ಈ ಆಸೆಯ ವಾಸನೆ ಹಿಡಿದ ಗೌಸ್ ಭಾಯ್ ಗಿರಾಕಿಗಳ ಎದುರಿಗೇ ಶುರುಮಾಡಿದರು: "ಮಾಲೀಕ್ರೇ, ದಯಮಾಡಿ ಆ ಸ್ಪ್ಯಾನರ್ ಕೊಡ್ತೀರಾ?"

ಅವರಲ್ಲಿ ನನಗೆ ಕಂಡ ಒಂದೇ ದೋಷ ಮಾತು. ಕೆಲಸ ಮುಗಿದ ಮೇಲೆ ಸಕ್ಕರೆ ಜಾಸ್ತಿ ಹಾಕಿದ ಟೀ ಹೀರುತ್ತಾ ಪ್ರತಿ ಮನೆಯಲ್ಲೂ ಅದೇ ಉಪದೇಶ: "ಅಮ್ಮಾ, ಗೀಸರ್ ತೊಟ್ಟಿ ಖಾಲಿ ಮಾಡಿದ್ರೆ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ, ಗಾಳಿ ಹೋಗಿ ನೀರು ತುಂಬ್ಲಿ. ಧಾರೆ ಬಂದ್ಮೇಲೇನೇ ಸ್ವಿಚ್ಚು." ನಾನು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, ಈ ಹೊತ್ತಿಗೆ ಇನ್ನೊಂದು ಮನೆ ಮುಗಿಸಬಹುದಿತ್ತಲ್ಲ ಎಂದು ಹಲ್ಲು ಕಡಿಯುತ್ತಿದ್ದೆ. ನನ್ನೊಬ್ಬನನ್ನೇ ಕಳಿಸಿದಾಗ ಟೀಯೂ ಇಲ್ಲ, ಉಪದೇಶವೂ ಇಲ್ಲ.

ಅಷ್ಟರಲ್ಲಿ ಆ ಮೂಲೆ ಅಂಗಡಿ ಖಾಲಿಯಾಯಿತು. ಅಡ್ವಾನ್ಸನ್ನು ಜಗ್ಗಿ ಜಗ್ಗಿ ಇಳಿಸಿ, ಗೌಸ್ ಭಾಯ್ ಹತ್ತಿರ ಒಪ್ಪಿಗೆ ಕೇಳಲು ಹೋದೆ.

"ನೀವು ಮಾಡಿದ ರಿಪೇರಿ ಕೆಟ್ಟು ನಿಮ್ಮ ಹತ್ರಾನೇ ವಾಪಸ್ ಬಂದಿದ್ದು ನೋಡಿದೀರಾ, ಮಾಲೀಕ್ರೇ?"

"ನಾನು ಮಾಡಿದ್ದು ವಾಪಸ್ ಬರಲ್ಲ ಭಾಯ್."

"ಹಂಗಾದ್ರೆ ಇನ್ನೂ ಸ್ವಲ್ಪ ತಡೀರಿ."

ಮುನಿಸಿಕೊಂಡೆ, ಆದರೆ ತಡೆದೆ. ದಸರೆಗೆ ಆ ಅಂಗಡಿಯಲ್ಲಿ ಜೆರಾಕ್ಸ್ ಮೆಷೀನು ಬಂದು ಕೂತಿತು.

ಇಲ್ಲಿ ಹಂಡೆಯ ವಿಚಾರ ಒಂದಿಷ್ಟು ಹೇಳಬೇಕು. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಹಳೆಯ ನೀರೆಲ್ಲ ಚೆಲ್ಲಿ, ಹಂಡೆ ಬೆಳಗಿ, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ. ಬೆಳಿಗ್ಗೆ ಎಣ್ಣೆಸ್ನಾನ. ಹಂಡೆ ಹೋಗಿ ಗೀಸರ್ ಬಂತು; ಹಬ್ಬ ಮಾತ್ರ ಹೋಗಲಿಲ್ಲ. ಗೋಡೆಯ ಮೇಲೆ ತೂಗುವ ಬಿಳಿ ಡಬ್ಬಕ್ಕೂ ಅರಿಶಿನ ಕುಂಕುಮ, ಕೊರಳಿಲ್ಲದಿದ್ದರೂ ಬಳ್ಳಿ. ಮಡಿವಂತರ ಮನೆಯಾದರೆ ಅದರ ಹಳೆಯ ನೀರೂ ಚೆಲ್ಲಬೇಕು!

ಆ ವರ್ಷ ನೀರು ತುಂಬುವ ಸಂಜೆ ಜೀವನ್ ಬಿಮಾ ನಗರದಿಂದಲೇ ಫೋನು ಬಂತು, ಗೀಸರ್ ಕೆಟ್ಟಿದೆ ಎಂದು. ಧಾರವಾಡದ ಕಡೆಯ ಸುಮಿತ್ರಾಬಾಯಿಯವರ ಮನೆ. ಹಿಂದಿನ ಚಳಿಗಾಲದಲ್ಲಿ ಅಲ್ಲಿ ಕಾಯಿಲ್ ಹಾಕಿದವನು ನಾನೇ. ಗೌಸ್ ಭಾಯ್ ಹೊಸ ಕಾಯಿಲ್ ಹಿಡಿದು ನನ್ನ ಹಿಂದೆ ಸ್ಕೂಟರ್ ಹತ್ತಿದರು.

"ತಮ್ಮಾ, ನಮ್ಮ ಅಳಿಯಂದು ಮೊದಲನೇ ದೀಪಾವಳಿ ಐತಿ. ನಾಳೆ ಎಣ್ಣಿ ಹಚ್ಚಿಸ್ಕೊಂಡು ತಣ್ಣೀರಾಗ ಜಳಕ ಮಾಡಬೇಕೇನು ಅವ್ರು?" ಎಂದರು ಆಕೆ.

ಪಕ್ಕದಲ್ಲಿ ಯಜಮಾನರು ಹೆಮ್ಮೆಯಿಂದಲೇ ವಿವರಿಸಿದರು: "ಹಳೇ ನೀರು ತಗದೆ ನೋಡ್ರಿ. ಕೆಳಗಿನ ನಟ್ಟು ನೀವು ಹೆಂಗ ಬಿಚ್ಚಿದ್ರೋ ಹಂಗ ಬಿಚ್ಚಿದೆ. ಮತ್ತ ಹಾಕಿ ಸ್ವಿಚ್ ಒತ್ತಿದೆ. ಢಬ್ ಅಂತು."

ಬಿಚ್ಚುವುದನ್ನು ಅವರು ನನ್ನನ್ನು ನೋಡಿ ಕಲಿತಿದ್ದರು. ತುಂಬುವುದನ್ನು ಮಾತ್ರ ನಾನು ಹೇಳಿರಲಿಲ್ಲ. ಆವತ್ತು ನನಗೆ ಮುಂದಿನ ಮನೆಯ ಅವಸರ. ಗೀಸರಿನ ಹೊಟ್ಟೆ ಖಾಲಿ, ಕಾಯಿಲ್ ಸುಟ್ಟು ಕರಕಲು, ಮೇಲೆ ನಗುನಗುತ್ತಾ ಹಾಗಲಬಳ್ಳಿ.

ಗೌಸ್ ಭಾಯ್ ಸ್ಟೂಲೆಳೆದು ಕೂತರು, ಕೈ ಹಾಕಲಿಲ್ಲ. ನಾನೇ ಕಾಯಿಲ್ ಹಾಕಿದೆ, ಬಿಸಿನೀರಿನ ನಲ್ಲಿ ತಿರುಗಿಸಿದೆ. ಕೊರ್ ಕೊರ್ ಎಂದು ಗಾಳಿ ಉಗುಳಿ, ಆಮೇಲೆ ಧಾರೆ ಬಂತು. ಸುಮಿತ್ರಾಬಾಯಿ ಟೀ ತಂದರು. ಉಪದೇಶವನ್ನು ಒಂದಕ್ಷರ ಬಿಡದೆ ನಾನೇ ಒಪ್ಪಿಸಿದೆ. ಗೌಸ್ ಭಾಯ್ ಇನ್ನೊಂದು ವರ್ಷ ತಡೀರಿ ಅನ್ನುತ್ತಾರೆಂದು ಕಾಯುತ್ತಿದ್ದೆ. ಹೊರಗೆ ಬಂದು ಸ್ಕೂಟರ್ ಹತ್ತುತ್ತಾ ಅವರು ಅಂದರು: "ಈಗ ಅಂಗಡಿ ನೋಡ್ಕೊಳ್ಳಿ, ಮಾಲೀಕ್ರೇ."

ಎದುರಿಗೇ ಜೆರಾಕ್ಸ್ ಅಂಗಡಿಯ ದೀಪ ಉರಿಯುತ್ತಿತ್ತು. ಇಬ್ಬರೂ ನೋಡಿದೆವು. ಅವರೇ ಮೊದಲು ನಕ್ಕದ್ದು.

ಕೊನೆಗೆ ಸಿಕ್ಕಿದ್ದು ಕಗ್ಗದಾಸಪುರದ ಒಳರಸ್ತೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಅದರಲ್ಲೇ ಬೆಳೆದೆ. ಗೌಸ್ ಭಾಯ್ ಈಗಿಲ್ಲ. ಕೆಲಸದವರು ನನ್ನನ್ನು ಮಾಲೀಕ್ರೇ ಅನ್ನುತ್ತಾರೆ, ನಗದೆ, ನಿಜವೆಂಬಂತೆ. ಹಾಗೆ ಕರೆದಾಗಲೆಲ್ಲ ಆ ಹಳೆಯ ಕುಚೋದ್ಯಕ್ಕಾಗಿ ಕಿವಿ ಕಾಯುತ್ತದೆ. ಹೊಸ ಶಾಖೆ ತೆಗೆಯಲೇ ಎಂದು ಕೇಳಿದರೆ ಎಲ್ಲರೂ ತೆಗೀರಿ ಅನ್ನುವವರೇ. ತಡೀರಿ ಅನ್ನುವವರು ಒಬ್ಬರಿಲ್ಲ.

ಆದ್ದರಿಂದ, ಅಂಗಡಿ ತೆಗೆಯುವ ಆಸೆ ನಿಮಗಿದ್ದರೆ, ನಿಮ್ಮ ಕೈಯ ಕೆಲಸ ಕೆಟ್ಟು ನಿಮ್ಮ ಹತ್ತಿರವೇ ಬರುವ ತನಕ ಯಾರದಾದರೂ ಅಂಗಡಿಯಲ್ಲಿರಿ. ಬಾಡಿಗೆಗೆ, ಅಡ್ವಾನ್ಸಿಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ತಡೀರಿ ಅನ್ನುವವರ ಜೊತೆ ಮಾತ್ರ ಬೇಡ. ಅಂಗಡಿಯ ಗೊಡವೆ ಇಲ್ಲದವರು ಇಷ್ಟು ನೆನಪಿಟ್ಟುಕೊಳ್ಳಿ: ಮೊದಲು ಬಿಸಿನೀರಿನ ನಲ್ಲಿ, ಧಾರೆ ಬಂದ ಮೇಲೇನೇ ಸ್ವಿಚ್ಚು. ನಾನೇ ಮನೆಗೆ ಬಂದು ಹೇಳಬೇಕೆಂದರೆ ಟೀ ಕೊಡಬೇಕಾಗುತ್ತದೆ. ಸಕ್ಕರೆ ಜಾಸ್ತಿ ಇರಲಿ.