ಅಕ್ಕ ಮಾಡುತ್ತಿದ್ದ ಚೀಸ್ ಗೊಜ್ಜು

ಮೊನ್ನೆ ಮಗಳ ಮನೆಯಲ್ಲಿ ಓವನ್ನಿನ ಬಾಗಿಲು ತೆಗೆದಾಗ ಆ ವಾಸನೆ ಬಂತು. ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟಾಗ ಬರುತ್ತದಲ್ಲ, ಅದಕ್ಕೂ ಬೆಣ್ಣೆ ಕಾಯಿಸುವಾಗ ತಳದ ಗಸಿ ಕೆಂಪಗಾಗುವ ವಾಸನೆಗೂ ನಡುವಿನದು. ಮೊಮ್ಮಗನ ಹುಟ್ಟುಹಬ್ಬದ ಪಾರ್ಟಿಗೆಂದು ಮಗಳು ಹೂಕೋಸು, ಪಾಲಕ್, ಜೋಳದ ಕಾಳು ಬೇಯಿಸಿ, ಮೇಲೆ ಚೀಸ್ ತುರಿದು ಒಳಗಿಟ್ಟಿದ್ದಳು. ಮೇಲ್ಭಾಗ ಗುಳ್ಳೆ ಗುಳ್ಳೆಯಾಗಿ ಕುದಿಯುತ್ತಿತ್ತು. "ರುಚಿ ನೋಡಮ್ಮ" ಅಂತ ಒಂದು ಚಮಚ ಕೊಟ್ಟಳು. ಹಿಡಿದುಕೊಂಡೆ. ತಿನ್ನಲಾಗಲಿಲ್ಲ. ಹಲ್ಲುನೋವು ಎಂದು ಸುಳ್ಳು ಹೇಳಿ ಹಿತ್ತಲಿಗೆ ಹೋಗಿ ನಿಂತೆ...

ನಾನು ಕಂದಿಕೆರೆಯ ಕಡೆಯವಳು. ಮದುವೆಯಾಗಿ ತಿಪಟೂರಿಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ನನ್ನವರು ಹೈಸ್ಕೂಲು ಮೇಷ್ಟ್ರು. ನಾವು ಬಾಡಿಗೆಗಿದ್ದ ಬೀದಿಯಲ್ಲಿ ಹೆಚ್ಚಿನವರು ಕೊಬ್ಬರಿ ಮಂಡಿಯವರು. ಎದುರಿಗಿದ್ದ ದೊಡ್ಡ ಮನೆಯೂ ಒಬ್ಬ ಮಂಡಿ ಸಾಹುಕಾರರದೇ. ಸಾಹುಕಾರರು ಹೋಗಿಬಿಟ್ಟಿದ್ದರು. ಅವರ ಹೆಂಡತಿಯನ್ನು ಬೀದಿಯವರೆಲ್ಲ ಅಜ್ಜಿ ಎನ್ನುತ್ತಿದ್ದೆವು. ಅಜ್ಜಿಯ ಜೊತೆ ದೊಡ್ಡ ಮಗ ಮತ್ತು ದೊಡ್ಡ ಸೊಸೆ. ಚಿಕ್ಕ ಮಗ ಮುಂಬೈಯಲ್ಲಿ ಕೆಲಸದಲ್ಲಿದ್ದಾಗ ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿಯೊಬ್ಬಳನ್ನು ಇಷ್ಟಪಟ್ಟು ಮದುವೆಯಾಗಿದ್ದ. ಜಾತಿ ಬೇರೆ. ಅಪ್ಪ ಹೋದ ಮೇಲೆ ಮಂಡಿ ನೋಡಿಕೊಳ್ಳಲು ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದ. ದೊಡ್ಡ ಮನೆಯೊಳಗೆ ಅವರಿಗೆ ಜಾಗವಾಗಲಿಲ್ಲ. ನಮ್ಮ ಪಕ್ಕದಲ್ಲಿ ಅವರದೇ ಒಂದು ಹೆಂಚಿನ ಮನೆಯಿತ್ತು, ಅದನ್ನು ಬಿಟ್ಟುಕೊಟ್ಟರು. ಆ ಚಿಕ್ಕ ಸೊಸೆಯನ್ನೇ ನಾನು ಅಕ್ಕ ಎನ್ನುತ್ತಿದ್ದುದು.

ಅಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದರೇನೋ. ತೆಳ್ಳಗೆ, ಎತ್ತರಕ್ಕೆ, ಮಾತಾಡುವ ಮೊದಲೇ ನಗುವ ಮುಖ. ಅವರ ತಂದೆ ಮುಂಬೈಯ ಯಾವುದೋ ಕ್ಲಬ್ಬಿನ ಅಡುಗೆಮನೆಯಲ್ಲಿ ಮೇಲ್ವಿಚಾರಕರಾಗಿದ್ದರಂತೆ. ಅಲ್ಲಿ ಕಲಿತ ತಿಂಡಿ ಅದು. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಗಟ್ಟಿಯಾಗಿ ಕುದಿಸುವುದು, ಅದಕ್ಕೆ ಸಣ್ಣಗೆ ಹೆಚ್ಚಿ ಬೇಯಿಸಿದ ತರಕಾರಿ, ಮೆಣಸಿನ ಪುಡಿ, ಮೇಲೆ ಡಬ್ಬಿ ಚೀಸಿನ ತುರಿ. ನಮ್ಮ ಊರಿಗೆ ಬಂದ ಮೇಲೆ ಒಂದು ಲೋಟ ಗಟ್ಟಿ ತೆಂಗಿನ ಹಾಲನ್ನೂ ಸೇರಿಸತೊಡಗಿದರು. ಗಾಜಿನ ಕಣ್ಣಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್ನು ಒಂದಿತ್ತು. ಆದರೆ ನಮ್ಮಲ್ಲಿ ಕರೆಂಟು ಇರುತ್ತಿದ್ದುದು ಯಾವಾಗ? ಹೋಯಿತೆಂದರೆ ಅಕ್ಕ ಕಾಯಿಚಿಪ್ಪು ಉರಿಸಿ, ಆ ಕೆಂಡವನ್ನು ಮುಚ್ಚಳದ ಮೇಲೆ ಹರಡಿ, ಪಾತ್ರೆಯ ಮೇಲಿಂದ ಕಾವು ಕೊಡುತ್ತಿದ್ದರು. ನನ್ನ ಕೇಳಿದರೆ ಓವನ್ನಿನದಕ್ಕಿಂತ ಅದೇ ಚೆನ್ನ. ಅಕ್ಕ ಅದನ್ನು ಡಿಪ್ ಎನ್ನುತ್ತಿದ್ದರು. ಬೀದಿಯ ಬಾಯಲ್ಲಿ ಅದು ಚೀಸ್ ಗೊಜ್ಜಾಯಿತು. ಬ್ರೆಡ್ಡು ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲ; ಕೋಡುಬಳೆ, ನಿಪ್ಪಟ್ಟು ಮುರಿದು ಅದ್ದಿಕೊಂಡು ತಿನ್ನುತ್ತಿದ್ದೆವು.

ಮೊದಲು ತಿಂದವಳು ನಾನು. ಆಮೇಲೆ ನನ್ನ ಮಗಳ ನಾಮಕರಣದ ಸಂಜೆ ಬೀದಿಯವರೆಲ್ಲ ತಿಂದರು. ಅಲ್ಲಿಂದ ಶುರುವಾಯಿತು. ಯಾರ ಮನೆಯಲ್ಲಿ ಹುಟ್ಟುಹಬ್ಬವಾಗಲಿ, ಮಗ ಪಾಸಾಗಲಿ, ಹೊಸ ಟೀವಿ ಬರಲಿ, ಅಕ್ಕನ ಗೊಜ್ಜು ಬೇಕು. "ನೀವೊಂದು ಕೈ ಹಾಕ್ಬುಡ್ರೀ, ಪಾರ್ಟಿ ಕಳೆ ಕಟ್ತದೆ" ಎಂದು ಹೇಳಿ ಹೋಗುತ್ತಿದ್ದರು. ಅಕ್ಕ ಯಾರಿಗೂ ಇಲ್ಲ ಎಂದದ್ದನ್ನು ನಾನು ನೋಡಿಲ್ಲ. ಒಮ್ಮೆ ಜ್ವರದಲ್ಲೂ ನಿಂತು ಸಾಸ್ ತಿರುವುತ್ತಿದ್ದಾಗ ನಾನು ಬೈದೆ. "ಇರಲಿ ಬಿಡಿ. ಇದೊಂದು ಕಾರಣಕ್ಕಾದರೂ ನನ್ನ ಬಾಗಿಲು ತಟ್ಟುತ್ತಾರಲ್ಲ" ಎಂದರು.

ದೊಡ್ಡ ಮನೆಯವರ ಮನಸ್ಸು ಕರಗಿದ್ದೂ ಅದರಿಂದಲೇ. ಅಜ್ಜಿಗೆ ಹಲ್ಲು ಪೂರ್ತಿ ಹೋಗಿತ್ತು. ಮುದ್ದೆ ಸಾರು ಬಿಟ್ಟರೆ ಮಿಕ್ಕಿದ್ದೆಲ್ಲ ಕಷ್ಟ. ಒಂದು ದಿನ ನಾನೇ ಅಕ್ಕ ಮಾಡಿದ್ದನ್ನು ಬಟ್ಟಲಲ್ಲಿ ತೆಗೆದುಕೊಂಡು ಹೋಗಿ ಕೊಟ್ಟೆ. ಯಾರು ಮಾಡಿದ್ದೆಂದು ಅಜ್ಜಿ ಕೇಳಲಿಲ್ಲ, ಗೊತ್ತಿತ್ತು. ನುಣ್ಣಗೆ, ಬೆಚ್ಚಗೆ, ಚಮಚದಲ್ಲಿ ಮೆಲ್ಲಮೆಲ್ಲನೆ ತಿಂದು ಬಟ್ಟಲು ಕೆರೆದರು. ಆಮೇಲಾಮೇಲೆ ತಾವೇ ಕೋಲೂರಿಕೊಂಡು ರಸ್ತೆ ದಾಟಿ ಅಕ್ಕನ ಜಗಲಿಗೆ ಬಂದು ಕೂರತೊಡಗಿದರು. "ನಂಗೂ ಒಂಚೂರು ಹಾಕವ್ವ" ಎನ್ನುವರು. ಅಜ್ಜಿ ಮೊದಲ ಸಲ 'ಅವ್ವ' ಎಂದ ದಿನ ಅಕ್ಕ ಒಳಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಇದನ್ನೆಲ್ಲ ದೊಡ್ಡ ಸೊಸೆ ಕಿಟಕಿಯಿಂದ ನೋಡುತ್ತಿದ್ದರು. ತಾವೂ ಬಂದು ತಿನ್ನುತ್ತಿದ್ದರು.

ಆ ಹೊತ್ತಿಗೆ ಸಾಹುಕಾರರ ಮನೆಯವರು ಊರಾಚೆ ತೋಟದ ಮಗ್ಗುಲಲ್ಲಿ ಹೊಸ ಮನೆ ಕಟ್ಟಿಸಿದರು. ಎರಡಂತಸ್ತು, ಮೊಸಾಯಿಕ್ ನೆಲ. ಇಬ್ಬರು ಮಕ್ಕಳೂ ಒಂದೇ ಸೂರಿನಡಿ ಇರಬೇಕು ಎಂದು ಅಜ್ಜಿ ಹಟ ಹಿಡಿದರು. ಅಷ್ಟೇ ಅಲ್ಲ, "ಗೃಹಪ್ರವೇಶಕ್ಕೆ ಹಾಲು ಉಕ್ಸೋದು ಚಿಕ್ಕೋಳೇ" ಎಂದುಬಿಟ್ಟರು. ದೊಡ್ಡವಳು ಹಳೇ ಮನೆಗೆ ಬಂದಾಗ ಅವಳ ಕೈಲಿ ಹಾಲು ಉಕ್ಕಿಸಿಯಾಗಿದೆ, ಈಗ ಇವಳ ಸರದಿ ಎಂಬುದು ಅವರ ನ್ಯಾಯ. ಅಕ್ಕ ನನ್ನ ಹತ್ತಿರ ಓಡಿ ಬಂದು ಹೇಳಿದ ರೀತಿ... ಮುಖ ಇನ್ನೂ ಕಣ್ಣ ಮುಂದಿದೆ. ಮದುವೆಯಾಗಿ ಎಂಟೊಂಬತ್ತು ವರ್ಷಕ್ಕೆ ಗಂಡನ ಮನೆಯ ಒಲೆ ಮುಟ್ಟುವ ದಿನ ಬಂದಿತ್ತು.

ಗೃಹಪ್ರವೇಶದ ಬೆಳಿಗ್ಗೆ ಅಕ್ಕ ಹಸಿರು ರೇಷ್ಮೆ ಸೀರೆಯುಟ್ಟು ಹಾಲು ಉಕ್ಕಿಸಿದರು. ಪೂಜೆ, ಊಟ ಎಲ್ಲ ಆಯಿತು. ಸಂಜೆ ನೆಂಟರಿಗೆ, ಮಂಡಿಯ ಸ್ನೇಹಿತರಿಗೆ ಪಾರ್ಟಿ. ಅದಕ್ಕೆ ಗೊಜ್ಜು ಇರಲೇಬೇಕೆಂದು ಹೇಳಿಸಿದವರು ದೊಡ್ಡ ಸೊಸೆಯೇ. ಅಕ್ಕ ಹೊಸ ಅಡುಗೆಮನೆಯಲ್ಲಿ ಮಧ್ಯಾಹ್ನದಿಂದಲೇ ನಿಂತಿದ್ದರು. ನಾನು ತರಕಾರಿ ಹೆಚ್ಚಿಕೊಟ್ಟೆ. ದೊಡ್ಡ ತಟ್ಟೆಗಳಲ್ಲಿ ಬಿಸಿಬಿಸಿಯಾಗಿ ನಡುಮನೆಗೆ ಬಂತು. ಎಲ್ಲರೂ ಮುಗಿಬಿದ್ದರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಬಟ್ಟಲು, ಚಮಚ ಕೊಟ್ಟಿದ್ದೆವು.

ಅರ್ಧ ತಿಂದಿದ್ದಾರೆ, ಆಗ ದೊಡ್ಡ ಸೊಸೆ ನಡುಮನೆಗೆ ಬಂದು ನಿಂತರು. ಕೈಯಲ್ಲಿ ಖಾಲಿ ಚೀಸ್ ಡಬ್ಬಿ.

"ಎಲ್ರೂ ತಿಂತಾ ಇದೀರಲ್ಲ, ಇದು ಯಾತ್ರಲ್ಲಿ ಮಾಡೋದು ಗೊತ್ತೇನ್ರೀ? ಹಾಲು ಹೆಪ್ಪಾಗೋಕೆ ಎಳೇ ಕರು ಕುಯ್ದು ಅದ್ರ ಹೊಟ್ಟೆ ರಸ ಹಾಕ್ತಾರಂತೆ. ವಾರಪತ್ರಿಕೇಲಿ ಬಂದಿತ್ತು."

ತಟ್ಟೆಗಳನ್ನು ಕೆಳಗಿಡುವ ಸದ್ದು. ಯಾರೋ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದರು. "ಇಷ್ಟು ವರ್ಸ ನಮಗೆ ಇದನ್ನೇ ತಿನ್ಸಿದಾಳಲ್ಲಪ್ಪ" ಎಂದು ಇನ್ನೊಬ್ಬರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಕೈಯಲ್ಲಿ ಇನ್ನೊಂದು ಬಿಸಿ ಪಾತ್ರೆ, ಬಟ್ಟೆ ಸುತ್ತಿ ಹಿಡಿದದ್ದು. "ಇಲ್ಲ... ನಾನು ಮೊಟ್ಟೆ ಕೂಡ ಮುಟ್ಟಿದವಳಲ್ಲ. ನಮ್ಮ ಮನೆಯಲ್ಲೂ ಯಾರೂ ತಿನ್ನಲ್ಲ. ಅಂಥದ್ದನ್ನು ನಾನು ತರ್ತೀನಾ?" ಎಂದರು. ಯಾರ ಕಡೆ ನೋಡಿ ಹೇಳಬೇಕೆಂದು ತಿಳಿಯದೆ ಅಜ್ಜಿಯ ಕಡೆ ನೋಡಿದರು.

ನಾನು ಸುಮ್ಮನಿರಲಿಲ್ಲ. "ಪತ್ರಿಕೇಲಿ ಯಾವಾಗ ಬಂದಿತ್ರೀ?" ಎಂದು ದೊಡ್ಡ ಸೊಸೆಯನ್ನು ಕೇಳಿದೆ. ಹೋದ ತಿಂಗಳು ಎಂದರು. "ಹಾಗಿದ್ರೆ ಗೊತ್ತಿದ್ದೂ ಗೊತ್ತಿದ್ದೂ ಇವತ್ತು ಯಾಕೆ ಮಾಡಿಸಿದ್ರಿ?" ಎಂದೆ. ನನ್ನ ಅತ್ತೆ ರಟ್ಟೆ ಹಿಡಿದು "ಅವರ ಮನೆ ವಿಚಾರ ನಿಂಗ್ಯಾಕೇ" ಎಂದು ಎಳೆದರು. ಅಕ್ಕನ ಗಂಡ ಅಲ್ಲೇ ಇದ್ದರು. ಅಣ್ಣನ ಮುಖ ನೋಡಿದರು, ನೆಲ ನೋಡಿದರು.

ಅಷ್ಟರಲ್ಲಿ ಅಜ್ಜಿ ಬಟ್ಟಲನ್ನು ಪಕ್ಕಕ್ಕಿಟ್ಟರು. "ನೀರು ಕೊಡ್ರೋ" ಎಂದರು. ದೊಡ್ಡ ಸೊಸೆಯೇ ಚೊಂಬು ತಂದುಕೊಟ್ಟರು. ಅಜ್ಜಿ ಎದ್ದು, ಹೊಸ್ತಿಲ ಆಚೆ ನಿಂತು, ಬಾಯಿ ಮುಕ್ಕಳಿಸಿ ಉಗುಳಿದರು. ಮತ್ತೆ ಮುಕ್ಕಳಿಸಿದರು. ತಿರುಗಿ ಒಳಗೆ ಬರುವಾಗ ಅಕ್ಕನ ಎದುರೇ ಹಾದು ಹೋದರು. ತಲೆ ಎತ್ತಲಿಲ್ಲ.

ಬೇರೆಯವರ ಮಾತಿಗೆಲ್ಲ ಅಕ್ಕ ತಡೆದುಕೊಂಡಿದ್ದರು. ಆ ನೀರಿನ ಸದ್ದು ಕೇಳಿ ಬಾಗಿಲಲ್ಲೇ ಕುಳಿತುಬಿಟ್ಟರು. ಪಾತ್ರೆ ನಾನೇ ಹಿಡಿದುಕೊಂಡೆ.

ಮಾರನೆಯ ದಿನ ಪುರೋಹಿತರು ಮತ್ತೆ ಬಂದರು. ಕರುವಿನ ಹೆಸರಿನಲ್ಲಿ ಕೆಟ್ಟ ಮನೆಯನ್ನು ಗೋಮೂತ್ರ ಚಿಮುಕಿಸಿ ಶುದ್ಧ ಮಾಡಿದರು. ಒಲೆ ತೊಳೆದು ಇನ್ನೊಮ್ಮೆ ಹಾಲು ಉಕ್ಕಿಸಿದರು. ಉಕ್ಕಿಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಅಕ್ಕ ಹೆಂಚಿನ ಮನೆಯಲ್ಲೇ ಉಳಿದರು. ಬೀದಿಯಲ್ಲಿ ಅವರ ಮನೆಯ ನೀರನ್ನೂ ಯಾರೂ ಕುಡಿಯದಾದರು. ವರ್ಷಗಟ್ಟಲೆ ಬೆರಳು ಚೀಪಿದವರೆಲ್ಲ ಈಗ ತಮಗೆ ಆಗಲೇ ಅನುಮಾನವಿತ್ತು ಎನ್ನುತ್ತಿದ್ದರು. ಕೆಲವು ತಿಂಗಳಾದ ಮೇಲೆ ನನ್ನ ಸೋದರಮಾವನ ಮಗ ಮನೆಗೆ ಬಂದ. ಡೈರಿ ಕೆಲಸ ಓದಿದವನು. ಕೇಳಿದೆ. ಹೊರದೇಶದ ಕೆಲವು ಚೀಸಿನಲ್ಲಿ ಹಾಗೆ ಹಾಕುತ್ತಾರೆ, ಆದರೆ ನಮ್ಮಲ್ಲಿ ಸಿಗುವ ಆ ಡಬ್ಬಿಯದಕ್ಕೆ ಬಳಸುವುದು ಬೂಷ್ಟಿನಿಂದ ತಯಾರಿಸಿದ ಹೆಪ್ಪು, ಕರುವಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದ. ಅವತ್ತೇ ಬಿಸಿಲಲ್ಲಿ ಹೊಸ ಮನೆಯವರೆಗೆ ನಡೆದುಕೊಂಡು ಹೋಗಿ ದೊಡ್ಡ ಸೊಸೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದವರು ಮೊರ ಕುಕ್ಕಿದರು. "ಈಗ ಅದನ್ನ ಕಟ್ಕೊಂಡು ಏನ್ಮಾಡೋದು ಬುಡಿ. ಶುದ್ಧಿ ಆಗೋಯ್ತಲ್ಲ" ಎಂದರು. ಅಕ್ಕನಿಗೂ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. "ನನಗೆ ಮೊದಲೇ ಗೊತ್ತಿತ್ತಲ್ಲ" ಎಂದಷ್ಟೇ ಹೇಳಿ ಬಟ್ಟೆ ಮಡಿಸುತ್ತಾ ಕೂತರು.

ಮುಂದಿನ ವರ್ಷ ಅವರು ಊರು ಬಿಟ್ಟರು. ಮಂಡಿಯ ಪಾಲು ಅಣ್ಣನಿಗೇ ಬಿಟ್ಟು ಗಂಡ ಹಾಸನದಲ್ಲಿ ಕೆಲಸ ಹಿಡಿದರು. ಹೊರಡುವ ದಿನ ಅಕ್ಕ ಯಾರಿಗೂ ಹೇಳಿಹೋಗಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಅಜ್ಜಿ ಆಮೇಲೂ ಕೆಲವು ವರ್ಷ ಇದ್ದರು. ಕೊನೆಕೊನೆಗೆ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ದೊಡ್ಡ ಸೊಸೆ ಹಿತ್ತಲಲ್ಲಿದ್ದರು. ಅಜ್ಜಿ ನನ್ನ ಕೈ ಹಿಡಿದು ತಗ್ಗಿದ ದನಿಯಲ್ಲಿ, "ಅವತ್ತು ನಾ ಬಾಯಿ ಮುಕ್ಕಳಿಸ್ಬಾರ್ದಿತ್ತು ಕಣವ್ವ" ಎಂದರು.

"ಅಕ್ಕನಿಗೆ ಫೋನ್ ಮಾಡಿಕೊಡ್ತೀನಿ, ನೀವೇ ಹೇಳಿ ಅಜ್ಜಿ" ಎಂದೆ.

ಬಾಗಿಲ ಕಡೆ ನೋಡಿದರು. "ಹೆಂಗೇಳ್ಲಿ... ಇವಳ ಕೈಲಿ ಉಣ್ತಿದೀನಲ್ಲ."

ಅಜ್ಜಿಯ ತಿಥಿಗೆ ಅಕ್ಕ ಗಂಡನ ಜೊತೆ ಬಂದಿದ್ದರು. ಸುದ್ದಿ ತಡವಾಗಿ ಹೋದದ್ದರಿಂದ ಮುಖ ನೋಡಲು ಸಿಕ್ಕಿರಲಿಲ್ಲ. ಪೆಂಡಾಲಿನ ಕಡೆಯ ಸಾಲಿನಲ್ಲಿ ಕೂತಿದ್ದರು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು, ದಾರಿಯಲ್ಲಿ ಅಜ್ಜಿ ಹೇಳಿದ್ದನ್ನು ಹೇಳಿದೆ. ಅಕ್ಕ ನಿಂತುಬಿಟ್ಟರು. "ಇದನ್ನು ನನಗೆ ಯಾಕೆ ಹೇಳಿದಿರಿ? ಸಿಟ್ಟಾದರೂ ಇತ್ತು ನನ್ನ ಹತ್ತಿರ" ಎಂದರು. ಹಾಸನದ ಬಸ್ಸು ಬಂತು, ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕಡೆ.

ಹಾಸನದಲ್ಲಿ ಅವರು ಹೊರಗಿನವರಿಗೆಂದು ಏನನ್ನೂ ಮಾಡುತ್ತಿರಲಿಲ್ಲವಂತೆ. ಮನೆಗೆ ಬಂದವರಿಗೆ ಅಂಗಡಿಯ ಬಿಸ್ಕತ್ತು ಪೊಟ್ಟಣದ ಸಮೇತ ಇಡುತ್ತಿದ್ದರಂತೆ, ಒಡೆಯದೆ... ಇದನ್ನು ಹೇಳಿದ್ದು ಅವರ ಗಂಡ, ಈ ವರ್ಷದ ಆರಂಭದಲ್ಲಿ ಫೋನು ಮಾಡಿದಾಗ. ಅಕ್ಕ ಹೋಗಿಬಿಟ್ಟಿದ್ದರು. ಕರುಳಿನ ಕಾಯಿಲೆ, ಬಹಳ ದಿನ ನರಳಿದರಂತೆ. "ಅಣ್ಣನ ಮನೆಗೆ ನೀವೇ ಒಂದು ಮಾತು ತಿಳಿಸಿಬಿಡಿ, ನನ್ನಿಂದಾಗಲ್ಲ" ಎಂದರು.

ಹೋದೆ. ದೊಡ್ಡ ಸೊಸೆಗೆ ಈಗ ಮಂಡಿನೋವು, ಸೋಫಾದಿಂದ ಏಳಲಿಲ್ಲ. ಟೀಪಾಯಿಯ ಮೇಲೆ ಮೊಮ್ಮಕ್ಕಳು ತರಿಸಿಕೊಂಡಿದ್ದ ಪಿಜ್ಜಾ. ಅವರ ತಟ್ಟೆಯಲ್ಲೂ ಒಂದು ತುಂಡಿತ್ತು. ನನ್ನ ಕಣ್ಣು ಅತ್ತ ಹೋದದ್ದನ್ನು ಕಂಡು, "ಈಗ ಹಸ್ರು ಚುಕ್ಕೆ ಹಾಕಿರ್ತಾರಲ್ರೀ, ಏನೂ ಭಯ ಇಲ್ಲ. ತಗಳಿ ನೀವೂ ಒಂದು" ಎಂದರು. ನಾನು ವಿಷಯ ಹೇಳಿದೆ.

"ಅಯ್ಯೋ" ಎಂದರು. ತುಂಡನ್ನು ಕೆಳಗಿಟ್ಟರು. ಒಂದು ಗಳಿಗೆ ಅವರ ಮುಖ ಏನೋ ಆಯಿತು, ಅಳುತ್ತಾರೆ ಎಂದುಕೊಂಡೆ. ಆಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, "ಸೂತಕ ನಮಗೆ ಎಷ್ಟು ದಿನ ಬತ್ತದೆ ಕಣ್ರೀ? ಭಾನುವಾರ ಮೊಮ್ಮಗಳ ನಿಶ್ಚಿತಾರ್ಥ ಇಟ್ಕೊಂಡಿದೀವಲ್ಲ" ಎಂದರು.

ಪುರೋಹಿತರಿಗೆ ಫೋನು ಹೋಯಿತು. ಏನೋ ಒಂದು ದಾರಿ ಸಿಕ್ಕಿತು. ಮನೆಯವರೆಲ್ಲ ತಲೆಗೆ ನೀರು ಹಾಕಿಕೊಂಡರು, ಭಾನುವಾರದ ಕೆಲಸ ನಿಲ್ಲಲಿಲ್ಲ.

ನನಗೆ ಸೂತಕವಿಲ್ಲ, ನಾನು ಅವರ ಯಾರೂ ಅಲ್ಲ. ಆದರೂ ಅವತ್ತು ಮನೆಗೆ ಬಂದು ಒಲೆ ಹಚ್ಚಲು ಮನಸ್ಸಾಗಲಿಲ್ಲ. ನನ್ನವರು ಕೇಳಿದರು, "ಯಾರು ಹೋದ್ರು?" ಅಂತ. ಹೆಸರು ಹೇಳಬೇಕೆಂದು ಬಾಯಿ ತೆರೆದೆ. ಇಷ್ಟು ವರ್ಷವೂ ಅಕ್ಕ, ಅಕ್ಕ ಎಂದೇ ಕರೆದು, ಅವರ ಹೆಸರು ತಟ್ಟನೆ ನಾಲಿಗೆಗೆ ಬರಲಿಲ್ಲ...